ಅಕ್ಕನಿಗೆ ನಾನು ಹೇಳಿದ ಹನ್ನೊಂದು ತಿಂಗಳು

ಅಕ್ಕನಿಗೆ ರಕ್ತದ ಕ್ಯಾನ್ಸರ್ ಇದೆ ಎಂದು ಭಾವ ಫೋನ್ ಮಾಡಿದಾಗ ಬೆಳಗಿನ ಹನ್ನೊಂದು ಗಂಟೆ. ನಾನು ತಿರುವನಂತಪುರದ ನಮ್ಮ ಸಂಸ್ಥೆಯಲ್ಲಿ ಕೂತು ಅದೇ ಕಾಯಿಲೆಯ ಬೇರೆ ರೋಗಿಗಳ ಲೆಕ್ಕ ಮಾಡುತ್ತಿದ್ದೆ. ಕಾಯಿಲೆಯ ಇಂಗ್ಲಿಷ್ ಹೆಸರನ್ನು ಭಾವ ತಡವರಿಸುತ್ತ ಓದಿದರು. ಚೀಟಿಯಲ್ಲಿ ಬರೆದುಕೊಂಡಿದ್ದರೆಂದು ಕಾಣುತ್ತದೆ. ಅವರು ಮೊದಲ ಶಬ್ದ ಹೇಳುತ್ತಿದ್ದಂತೆ ಉಳಿದ ಎರಡು ಶಬ್ದ ನನಗೆ ಗೊತ್ತಾಗಿಹೋಗಿದ್ದವು. ನನ್ನ ಪರದೆಯ ಮೇಲೆ ಆ ಶಬ್ದಗಳೇ ಇದ್ದವು.

"ನಿನಗ ಇದರ ಬಗ್ಗೆ ಗೊತ್ತಿರಬೇಕಲ್ಲ?" ಎಂದರು ಭಾವ. "ನಿನ್ನ ಕೆಲಸಾ ಇದ ಅಲ್ಲೇನು?"

ಹೌದು ಎಂದೆ. 

ನಾವು ಧಾರವಾಡದವರು, ಇಬ್ಬರೇ ಅಕ್ಕತಂಗಿಯರು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಭಾವನ ಬ್ಯಾಂಕಿನವರು ಅವರನ್ನು ಕೊಚ್ಚಿಗೆ ವರ್ಗ ಮಾಡಿದಾಗ ಎರಡು ವರ್ಷ ಇದ್ದು ಬರುತ್ತೇವೆಂದು ಹೊರಟವರು, ಮಗಳ ಶಾಲೆಯ ನೆವದಲ್ಲಿ ಅಲ್ಲಿಯೇ ಉಳಿದುಬಿಟ್ಟರು. ಪಾಲಾರಿವಟ್ಟಂ ಜಂಕ್ಷನ್ನಿನ ಹಿಂದಿನ ಗಲ್ಲಿಯಲ್ಲಿ ಅವರ ಫ್ಲ್ಯಾಟು. ನಾನು ತಿರುವನಂತಪುರದ ಅಂಚಿನ ಕಳಕ್ಕೂಟಂನ ಐಟಿ ಪಾರ್ಕಿಗೆ ಪ್ರೋಗ್ರಾಮರ್ ಆಗಿ ಬಂದೆ. ಕೆಲವು ವರ್ಷಗಳ ನಂತರ ಆ ಕೆಲಸ ಬಿಟ್ಟು ಸಂಶೋಧನಾ ಸಂಸ್ಥೆಗೆ ಸೇರಿದೆ. ಮನೆ ಮಾತ್ರ ಕಳಕ್ಕೂಟಂನಲ್ಲೇ ಉಳಿಯಿತು. ತಿಂಗಳಿಗೊಮ್ಮೆ ಶನಿವಾರ ಬೆಳಿಗ್ಗೆ ರೈಲು ಹತ್ತಿ ಅಕ್ಕನ ಮನೆಗೆ ಹೋಗುತ್ತಿದ್ದೆ.

ಅಕ್ಕ ಕೊಚ್ಚಿಯಲ್ಲಿ ಹೆಂಗಸರಿಗೆ ಸ್ಕೂಟರ್ ಓಡಿಸಲು ಕಲಿಸುತ್ತಿದ್ದಳು. ಯಾರೂ ಅವಳಿಗೆ ಅದನ್ನು ಮಾಡೆಂದು ಹೇಳಿರಲಿಲ್ಲ. ಪಕ್ಕದ ಮನೆಯವಳೊಬ್ಬಳು ಮಗುವನ್ನು ಶಾಲೆಗೆ ಬಿಡಲು ದಿನಾ ಗಂಡನ ಮುಖ ನೋಡುತ್ತಿದ್ದುದನ್ನು ಕಂಡು ಸಿಟ್ಟು ಬಂದು ಶುರು ಮಾಡಿದ್ದು. ಆಮೇಲೆ ಅವಳ ಅತ್ತಿಗೆ ಬಂದಳು, ನರ್ಸುಗಳು ಬಂದರು, ಐವತ್ತೆಂಟು ವರ್ಷದ ಒಬ್ಬ ಅಜ್ಜಿ ಬಂದರು. ಒಂದು ಖಾಲಿ ಮೈದಾನದಲ್ಲಿ ಬೆಳಿಗ್ಗೆ ಆರೂವರೆಗೆ ಅಕ್ಕ ಹೆಲ್ಮೆಟ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. "ಕೆಳಗೆ ನೋಡಬೇಡ, ದೂರ ನೋಡು" ಎಂದು ಧಾರವಾಡದ ಗಂಟಲಿನಲ್ಲಿ ಮಲಯಾಳಂ ಕೂಗುತ್ತಿದ್ದಳು. ಎಲ್ಲರಿಗೂ ಅವಳು ಟೀಚರ್. ಅಂಗಡಿಗೆ ಹೋದರೆ ನಾಲ್ಕು ಜನ ಹಾರ್ನ್ ಹೊಡೆದು "ಟೀಚರೇ" ಎಂದು ಕರೆಯುತ್ತಿದ್ದರು.

ಅಂಥವಳು ಆ ಜೂನ್ ತಿಂಗಳಲ್ಲಿ ಮೆಟ್ಟಿಲು ಹತ್ತಲು ಏದುಸಿರು ಬಿಡತೊಡಗಿದಳು. ತೊಡೆಯ ಮೇಲೆ ಎಲ್ಲಿಯೂ ತಾಗಿಸಿಕೊಳ್ಳದೆ ನೀಲಿ ಕಲೆಗಳೆದ್ದವು. ರಕ್ತ ಪರೀಕ್ಷೆ ಮಾಡಿದವರು ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ನನ್ನ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ಕಾಯಿಲೆ ಎಲುಬಿನ ಒಳಗಿನ ಮಜ್ಜೆಯಲ್ಲಿ ಹುಟ್ಟುತ್ತದೆ. ಮಜ್ಜೆಯ ಒಂದು ಹನಿಯಲ್ಲಿ ಲಕ್ಷಾಂತರ ಜೀವಕೋಶಗಳಿರುತ್ತವೆ. ಹಿಂದೆಲ್ಲ ಆ ಕೋಶಗಳನ್ನು ಒಟ್ಟಿಗೇ ಅರೆದು ಪರೀಕ್ಷಿಸುತ್ತಿದ್ದರು. ಇಡೀ ಊರಿನ ಜನ ಒಮ್ಮೆಗೇ ಕೂಗಿದರೆ ಕೇಳುವ ಗದ್ದಲದಂತೆ ಅದು. ಯಾರು ಏನಂದರೆಂದು ತಿಳಿಯದು. ಈಗ ಒಂದೊಂದು ಕೋಶವನ್ನೂ ಬೇರೆ ಮಾಡಿ, ಅದರೊಳಗೆ ಯಾವ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆಯೆಂದು ಓದಬಹುದು. ಜನಗಣತಿಯವರು ಮನೆಮನೆಗೆ ಹೋಗಿ ಕೇಳಿದಂತೆ. ನಮ್ಮ ಗುಂಪು ತಿರುವನಂತಪುರದ ಒಂದು ಆಸ್ಪತ್ರೆಯಿಂದಲೂ ಕೊಚ್ಚಿಯ ಒಂದು ಆಸ್ಪತ್ರೆಯಿಂದಲೂ ರೋಗಿಗಳ ಒಪ್ಪಿಗೆ ಪಡೆದು ಮಜ್ಜೆ ತರಿಸಿ ಹೀಗೆ ಓದುತ್ತಿತ್ತು. ಯಾವ ರೋಗಿ ಎಷ್ಟು ಕಾಲ ಬದುಕಿದರು ಎಂಬುದನ್ನು ಅದರ ಜೊತೆಗಿಟ್ಟು ಕಂಪ್ಯೂಟರಿಗೆ ಕಲಿಸುವುದು ನನ್ನ ಕೆಲಸ. ಹೀಗೆ ಕಲಿತ ಲೆಕ್ಕಕ್ಕೆ ಮಾದರಿ ಎನ್ನುತ್ತೇವೆ. ಅದು ಹೊಸ ರೋಗಿಯ ಕೋಶಗಳನ್ನು ನೋಡಿ, ಇವರು ಇಷ್ಟು ಕಾಲ ಬದುಕಬಹುದು ಎಂದು ಹೇಳಬೇಕು. ಅದು ಇನ್ನೂ ಪ್ರಯೋಗ. ಅದರ ಮಾತನ್ನು ಯಾವ ರೋಗಿಗೂ ಯಾವ ವೈದ್ಯರಿಗೂ ಹೇಳುವಂತಿರಲಿಲ್ಲ. ರೋಗಿಗಳ ಹೆಸರೂ ನಮಗೆ ಗೊತ್ತಾಗುವಂತಿರಲಿಲ್ಲ; ಪ್ರತಿ ಟ್ಯೂಬಿನ ಮೇಲೆ ಒಂದು ಸಂಖ್ಯೆ ಮಾತ್ರ.

ಅಕ್ಕ ಸೇರಿದ್ದು ಆ ಕೊಚ್ಚಿಯ ಆಸ್ಪತ್ರೆಗೇ. ಅಧ್ಯಯನಕ್ಕೆ ಮಜ್ಜೆ ಕೊಡುತ್ತೀರಾ ಎಂದು ಕೇಳಿದಾಗ, ತಂಗಿಯ ಸಂಸ್ಥೆಯದೆಂದು ತಿಳಿದು ಓದದೆಯೇ ಸಹಿ ಮಾಡಿದಳಂತೆ. ಮರುದಿನ ಕೊಚ್ಚಿಯಿಂದ ಐಸ್ ಪೆಟ್ಟಿಗೆ ಹೊರಟಿತು. ಹೆದ್ದಾರಿಯಲ್ಲಿ ಮೇಲ್ಸೇತುವೆಯ ಕೆಲಸ ನಡೆದಿತ್ತು. ಬೆಳಿಗ್ಗೆ ಹೊರಟ ಗಾಡಿ ಹರಿಪ್ಪಾಡ್ ಹತ್ತಿರ ಸಿಕ್ಕಿಬಿದ್ದು ಸಂಜೆಗೆ ನಮ್ಮ ಬಾಗಿಲಿಗೆ ಬಂತು. ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಟ್ಯೂಬು. ಸಂಖ್ಯೆಯ ಹಿಂದೆ ಯಾರಿದ್ದಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆಗಲೇ ನಾನು ನಮ್ಮ ಮುಖ್ಯಸ್ಥೆಗೆ ಹೇಳಿ ಆ ಕೆಲಸದಿಂದ ಹೊರಗುಳಿಯಬೇಕಿತ್ತು. ಹೇಳಲಿಲ್ಲ.

ಮೊದಲ ಕಿಮೋಗೆ ಅಕ್ಕನ ಕೂದಲು ಹೋಯಿತು, ಬಾಯಲ್ಲಿ ಹುಣ್ಣಾಯಿತು, ಆದರೆ ರೋಗ ಅಡಗಿತು. ಆಗಸ್ಟ್ ಕೊನೆಗೆ ವೈದ್ಯರು ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿದರು. ರೋಗ ಅಡಗಿದೆ, ಹೋಗಿಲ್ಲ. ಈಗಲೇ ಒಡಹುಟ್ಟಿದವರ ಮಜ್ಜೆ ಕಸಿ ಮಾಡಿದರೆ ಒಳ್ಳೆಯದು. ಅದರಲ್ಲೂ ಅಪಾಯವಿದೆ, ಒಂದು ತಿಂಗಳಿಗೂ ಮೇಲೆ ಒಂಟಿ ಕೋಣೆಯಲ್ಲಿ ಇರಬೇಕು, ಆಮೇಲೆ ಹಲವು ತಿಂಗಳು ಜನರ ನಡುವೆ ಬರುವಂತಿಲ್ಲ. ನನ್ನ ರಕ್ತ ಪರೀಕ್ಷಿಸಿದರು. ಪೂರ್ತಿ ಹೊಂದಿಕೆಯಾಯಿತು. ಆ ಕಾಗದ ಕೈಗೆ ಬಂದಾಗ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎದ್ದು ನಿಂತು ಅತ್ತೆ. ಭಾವ ಎರಡು ಕಟ್ಟನ್ ಚಾಯ, ಹಾಲಿಲ್ಲದ ಚಹಾ, ತಂದಿಟ್ಟು, ತಾವೂ ಕನ್ನಡಕ ತೆಗೆದು ಒರೆಸಿಕೊಂಡರು.

ಅಕ್ಕ ಮಾತ್ರ ಹ್ಞೂಂ ಅನ್ನಲಿಲ್ಲ. ಮಗಳಿಗೆ ಪ್ಲಸ್ ಟೂ, ಅಂದರೆ ನಮ್ಮ ಕಡೆಯ ಪಿಯುಸಿ ಎರಡನೆಯ ವರ್ಷ, ಮಾರ್ಚಿನಲ್ಲಿ ಪರೀಕ್ಷೆ. ಕಸಿಯಲ್ಲೇ ಸತ್ತವರ ಸಂಗತಿ ಪಕ್ಕದ ಹಾಸಿಗೆಯವರಿಂದ ಕೇಳಿದ್ದಳು. ಒಂದು ಭಾನುವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿದಳು.

"ನಿನ್ನ ಕಂಪ್ಯೂಟರ್ ಏನ ಹೇಳತದ?"

"ಅದು ಹಂಗೆಲ್ಲಾ ಹೇಳೂದಿಲ್ಲ ಅಕ್ಕಾ. ಅದಿನ್ನೂ ಕಲಿಯಾಕತ್ತದ."

"ಸುಳ್ಳ ಹೇಳಬ್ಯಾಡ. ನನ್ನ ಎಲುಬಿನೊಳಗಿಂದು ತಗೊಂಡು ಹೋಗೀರಿ. ಅದರಾಗ ಏನ ಅದ ಅಂತ ನನಗ ಹೇಳಾಕ ಏನು? ಡಾಕ್ಟರು ಎರಡೂ ಕಡೆ ಮಾತಾಡತಾರ. ನಿಮ್ಮ ಭಾವ ದೇವರ ಮ್ಯಾಲೆ ಹಾಕ್ಯಾರ. ನೀ ಒಬ್ಬಾಕಿ ನನಗ ಖರೇ ಹೇಳೂ ಪೈಕಿ."

ನಾನು ಆಗುವುದಿಲ್ಲ ಎಂದೆ. ಅವಳು ಮುಖ ತಿರುಗಿಸಿ ಕೆಳಗಿನ ರಸ್ತೆ ನೋಡುತ್ತ ಕೂತಳು. ಬೋಳು ತಲೆಯ ಹಿಂಬದಿಯಲ್ಲಿ ಒಂದು ಹಳೆಯ ಗಾಯದ ಗುರುತು ಕಾಣುತ್ತಿತ್ತು. ನನಗೆ ಸೈಕಲ್ ಕಲಿಸುವಾಗ ಬಿದ್ದು ಅವಳಿಗೆ ಆದ ಗಾಯ. ಕೂದಲಿದ್ದಾಗ ಅದನ್ನು ನಾನು ಎಂದೂ ನೋಡಿರಲಿಲ್ಲ.

ಮಂಗಳವಾರ ನಾನು ಆ ಸಂಖ್ಯೆಯನ್ನು ಹಾಕಿ ಮಾದರಿಯನ್ನು ಓಡಿಸಿದೆ. ಹಾಡಹಗಲು, ಸುತ್ತ ಎಲ್ಲರೂ ಕೆಲಸ ಮಾಡುತ್ತಿದ್ದರು, ಒಬ್ಬಳು ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದಳು. ಪರದೆಯ ಮೇಲೆ ಒಂದು ಗೆರೆ ಮೂಡಿತು. ಬದುಕುಳಿಯುವ ಸಾಧ್ಯತೆಯ ಗೆರೆ ಅದು. ಎಡದಲ್ಲಿ ಮೇಲಿರುತ್ತದೆ, ಬಲಕ್ಕೆ ಹೋದಂತೆ ಇಳಿಯುತ್ತದೆ. ಕೆಲವರದು ನಿಧಾನ ಇಳಿಯುತ್ತದೆ. ಅಕ್ಕನದು ಮೆಟ್ಟಿಲಿನಿಂದ ಕಾಲು ಜಾರಿದಂತೆ ಇಳಿದಿತ್ತು. ಉಳಿಯುವ ಸಾಧ್ಯತೆ ಅರ್ಧಕ್ಕೆ ಬಂದು ಮುಟ್ಟಿದ್ದು ಹನ್ನೊಂದನೆಯ ತಿಂಗಳಿಗೆ. ಮತ್ತೆ ಓಡಿಸಿದೆ. ಮತ್ತೆ ಅದೇ.

ಹೇಳಬಾರದೆಂದು ನಾಲ್ಕು ದಿನ ತಡೆದುಕೊಂಡೆ. ಶನಿವಾರ ಹೋದೆ. ಅಕ್ಕ ನನ್ನ ಮುಖ ನೋಡಿಯೇ, "ಮಾಡೀಯಲ್ಲ?" ಎಂದಳು. ನಾನು ಚೀಲ ಕೆಳಗಿಟ್ಟೆ. "ಎಷ್ಟು?" ಎಂದಳು.

"ಹನ್ನೊಂದು ತಿಂಗಳು. ಸುಮಾರು."

"ಈಗಿಂದೇನು?"

"ಶುರುವಾದಾಗಿಂದ."

ಅವಳು ಬೆರಳು ಮಡಚಿ ಎಣಿಸಿದಳು. ಮೇ ತಿಂಗಳಿಗೆ ಬಂದು ನಿಂತಿತು. "ಅಂದ್ರ ಪರೀಕ್ಷಾ ಮುಗಿಯೂ ತನಕಾ ಇರತೀನಿ," ಎಂದಳು. ಆಮೇಲೆ, "ಇರೂದ ಅಷ್ಟು ಅಂದ್ರ ಅದರಾಗ ಅರ್ಧಾ ಆ ಗಾಜಿನ ಖೋಲ್ಯಾಗ ಯಾಕ ಕೂಡಲಿ?"

ಆಗ ನಾನು ಬಾಯಿ ಬಿಡಬೇಕಿತ್ತು. ಆ ಗೆರೆ ಕಸಿಯ ಬಗ್ಗೆ ಏನೂ ಹೇಳುವುದಿಲ್ಲ, ಕಸಿ ಮಾಡಿಸಿದರೆ ಗೆರೆಯೇ ಬೇರೆಯಾಗಬಹುದು ಎನ್ನಬೇಕಿತ್ತು. ಒಂದೆರಡು ಸಲ ಶುರು ಮಾಡಿದೆ, ನಿಜ. ಆದರೆ ನನ್ನ ಎದೆಯಲ್ಲೂ ಆ ಗೆರೆಯೇ ಕೂತಿತ್ತು. ನಾನೇ ಮೂರು ವರ್ಷ ಕೂತು ಕಟ್ಟಿದ್ದನ್ನು ನಂಬಬೇಡ ಎಂದು ಅವಳಿಗೆ ಗಟ್ಟಿಯಾಗಿ ಹೇಳುವ ದನಿ ನನ್ನಲ್ಲಿ ಇರಲಿಲ್ಲ.

ಸೋಮವಾರ ಅಕ್ಕ ವೈದ್ಯರಿಗೆ ಕಸಿ ಬೇಡ ಎಂದು ಹೇಳಿದಳು. ಕಾರಣ ಹೇಳಲಿಲ್ಲ. ಭಾವ ಕೈ ಮುಗಿದರು, ಕೂಗಾಡಿದರು, ನನಗೆ ಫೋನ್ ಮಾಡಿ "ನಿನ್ನ ಮಾತು ಕೇಳತಾಳ, ನೀ ಹೇಳು" ಎಂದರು. ಹೇಳುತ್ತೇನೆ ಎಂದೆ.

ಆಮೇಲಿನ ಏಳು ವಾರ ಅಕ್ಕ ಚೆನ್ನಾಗಿದ್ದಳು.  ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮೈದಾನಕ್ಕೆ ಹೋಗಿ ಕುರ್ಚಿ ಹಾಕಿಸಿಕೊಂಡು ಕೂತಲ್ಲಿಂದಲೇ ಪಾಠ ಹೇಳಿದಳು. ಮಗಳಿಗೆ ಉಪ್ಪಿಟ್ಟು ಮಾಡುವುದನ್ನು, ಗ್ಯಾಸ್ ಬುಕ್ ಮಾಡುವುದನ್ನು, ಅಪ್ಪನ ಬಿಪಿ ಮಾತ್ರೆಯ ಹೆಸರನ್ನು ಕಲಿಸಿದಳು. ಹುಡುಗಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲಿ. ಅಮ್ಮ ಇದನ್ನೆಲ್ಲ ಯಾಕೆ ಕಲಿಸುತ್ತಿದ್ದಾಳೆಂದು ಅವಳು ನನ್ನನ್ನು ಅಡುಗೆಮನೆಯಲ್ಲಿ ಒಮ್ಮೆ ಕೇಳಿದಳು. ನಾನು ನೀರು ಕುಡಿಯುವ ನೆವದಲ್ಲಿ ಹೊರಗೆ ಬಂದೆ.

ನವೆಂಬರಿನಲ್ಲಿ ನಮ್ಮ ಪ್ರಯೋಗಾಲಯದವರು ಒಂದು ಹೊಸ ದ್ರಾವಣವನ್ನು ಪರೀಕ್ಷಿಸುತ್ತಿದ್ದರು. ಮಜ್ಜೆ ತೆಗೆದ ಕೂಡಲೇ ಅದರಲ್ಲಿ ಹಾಕಿದರೆ ಕೋಶಗಳು ಆ ಕ್ಷಣ ಹೇಗಿದ್ದವೋ ಹಾಗೆಯೇ ನಿಂತುಬಿಡುತ್ತವೆ. ಕೊಚ್ಚಿಯ ಒಬ್ಬ ರೋಗಿಯ ಮಜ್ಜೆಯನ್ನು ಎರಡು ಟ್ಯೂಬಿನಲ್ಲಿ ಕಳಿಸಿದರು. ಒಂದು ಹಾಸಿಗೆಯ ಪಕ್ಕದಲ್ಲೇ ದ್ರಾವಣದಲ್ಲಿ ಹಾಕಿದ್ದು, ಇನ್ನೊಂದು ಎಂದಿನಂತೆ ಬರೀ ಐಸಿನಲ್ಲಿ ಇಟ್ಟದ್ದು. ಎರಡೂ ಒಂದೇ ಗಾಡಿಯಲ್ಲಿ ಬಂದವು. ಎರಡನ್ನೂ ಓದಿ, ಸುಮ್ಮನೆ ನೋಡೋಣವೆಂದು ಮಾದರಿಗೆ ಕೊಟ್ಟೆ.

ಒಬ್ಬನೇ ಮನುಷ್ಯ, ಒಂದೇ ಸೂಜಿ, ಒಂದೇ ದಿನ. ದ್ರಾವಣದ ಟ್ಯೂಬು ನೋಡಿದ ಮಾದರಿ ಅವನು ಬಹಳ ವರ್ಷ ಬದುಕುತ್ತಾನೆಂದಿತು. ಐಸಿನ ಟ್ಯೂಬು ನೋಡಿ ಒಂದು ವರ್ಷವೂ ಇಲ್ಲ ಎಂದಿತು.

 ಮಾದರಿ ಯಾವ ಜೀನ್‌ಗಳನ್ನು ನೋಡಿ ಹಾಗೆ ಹೇಳುತ್ತಿದೆಯೆಂದು ತೆಗೆದು ನೋಡಿದೆ. ಮೇಲಿನ ಸಾಲಿನಲ್ಲಿ ಇದ್ದವೆಲ್ಲ ಕೋಶಗಳು ದಣಿದಾಗ, ಉಸಿರು ಕಟ್ಟಿದಾಗ, ಚಳಿಯಲ್ಲಿ ಬಹಳ ಹೊತ್ತು ಕೂತಾಗ ಏಳುವ ಜೀನ್‌ಗಳು. ಕ್ಯಾನ್ಸರಿಗೂ ಅವಕ್ಕೂ ಸಂಬಂಧವಿರಲಿಲ್ಲ. ಕೊಚ್ಚಿಯ ಆ ಆಸ್ಪತ್ರೆಗೆ ಎಲ್ಲ ಕಡೆಯಿಂದ ಕೈಮೀರಿದ ರೋಗಿಗಳೇ ಬರುತ್ತಿದ್ದರು, ಹಾಗಾಗಿ ಅವರಲ್ಲಿ ಬೇಗ ಸಾಯುವವರು ಹೆಚ್ಚು. ಅವರ ಮಜ್ಜೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಕೂತು ನಮ್ಮಲ್ಲಿಗೆ ಬರುತ್ತಿತ್ತು. ತಿರುವನಂತಪುರದ ರೋಗಿಗಳ ಮಜ್ಜೆ ಆಟೋದಲ್ಲಿ ಅರ್ಧ ಗಂಟೆಯಲ್ಲಿ ಬರುತ್ತಿತ್ತು. ದಾರಿಯಲ್ಲಿ ದಣಿದ ಕೋಶ ಎಂದರೆ ಬೇಗ ಸಾಯುವ ಮನುಷ್ಯ ಎಂದು ನನ್ನ ಮಾದರಿ ಕಲಿತುಬಿಟ್ಟಿತ್ತು. ಅಕ್ಕನ ಟ್ಯೂಬು ಹರಿಪ್ಪಾಡಿನಲ್ಲಿ ಸಿಕ್ಕಿಬಿದ್ದಿತ್ತು. ಅವಳ ಗೆರೆ ಅಷ್ಟು ಕಡಿದಾಗಿ ಇಳಿದದ್ದು ಅದಕ್ಕೆ.

ಎದ್ದು ನೇರ ಮುಖ್ಯಸ್ಥೆಯ ಕೋಣೆಗೆ ಹೋದೆ. ಎರಡು ಗೆರೆಗಳನ್ನು ತೋರಿಸಿದೆ. ಅವರು ಕುರ್ಚಿಗೆ ಒರಗಿ, "ಒಳ್ಳೆಯದಾಯಿತು, ಪ್ರಕಟಿಸುವ ಮೊದಲೇ ಸಿಕ್ಕಿತು. ಯಾರಿಗೂ ಹಾನಿಯಾಗಲಿಲ್ಲ" ಎಂದರು.

"ಆಗಿದೆ, ಮೇಡಂ," ಎಂದೆ. ಎಲ್ಲ ಹೇಳಿದೆ.

ಅವರು ಆ ಎರಡು ಗೆರೆಗಳನ್ನು ಮತ್ತೊಮ್ಮೆ ನೋಡಿದರು. ಕೊನೆಗೆ, "ಮೊದಲು ಕೊಚ್ಚಿಗೆ ಹೋಗು. ನಿನ್ನನ್ನು ಏನು ಮಾಡಬೇಕೆಂದು ಆಮೇಲೆ ನೋಡುತ್ತೇನೆ" ಎಂದರು.

ಮಧ್ಯಾಹ್ನದ ರೈಲಿನಲ್ಲಿ ಬಾಗಿಲ ಬಳಿ ನಿಂತೇ ಹೋದೆ. ಕೊಲ್ಲಂ, ಕಾಯಂಕುಳಂ. ಪ್ರತಿ ನಿಲ್ದಾಣದಲ್ಲೂ ರೈಲು ಬೇಕೆಂತಲೇ ನಿಲ್ಲುತ್ತಿದೆ ಅನ್ನಿಸುತ್ತಿತ್ತು. ಅಕ್ಕ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಾನು ಚಪ್ಪಲಿಯನ್ನೂ ತೆಗೆಯದೆ ನಿಂತಲ್ಲೇ ಎಲ್ಲ ಹೇಳಿದೆ. ಟ್ಯೂಬು, ಐಸು, ಹೆದ್ದಾರಿ. ಅಕ್ಕ ಬೆಳ್ಳುಳ್ಳಿಯ ತಟ್ಟೆ ಬದಿಗಿಟ್ಟಳು. ಮೊದಲು ನಕ್ಕಳು.

"ಅಂದ್ರ ರೋಡಿನ ಜಾಮ್ ನೋಡಿ ನಾ ಸಾಯತೀನಿ ಅಂತೇನು ಅದು?"

"ಹೌದಕ್ಕಾ."

"ಹಂಗಾದ್ರ ನಾ ಬದುಕತೀನೇನು?"

"ನನಗ ಗೊತ್ತಿಲ್ಲ."

ನಗು ನಿಂತಿತು. "ಅವತ್ತ ಇದನ್ನ ಹೇಳಬೇಕಾಗಿತ್ತಲ್ಲ ನೀ," ಎಂದಳು. "ಗೊತ್ತಿಲ್ಲ ಅಂತ. ಅಷ್ಟ ಹೇಳಿದ್ರ ಸಾಕಾಗಿತ್ತು."

ಬಾಗಿಲಲ್ಲಿ ಭಾವ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಬ್ಯಾಂಕಿನ ಚೀಲ ಇನ್ನೂ ಹೆಗಲ ಮೇಲಿತ್ತು. "ನೀ ಹೇಳಿದ್ದಿ?" ಎಂದರು ನನಗೆ. "ನಾ ಕಾಲ ಬೀಳೂದು ನೋಡಕೋತ ನಿಂತಿದ್ದಿಯಲ್ಲಾ, ನೀ ಹೇಳಿದ್ದಿ?" ಅವರು ಕೈ ಎತ್ತಲಿಲ್ಲ, ಬೈಯಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಐವತ್ತೆರಡು ವರ್ಷದ ಮನುಷ್ಯ ಹಾಗೆ ಕೂತದ್ದನ್ನು ಮಗಳು ಬಂದು ನೋಡಿದಳು.

ಅಕ್ಕನೇ ಎದ್ದಳು. "ಕೂತು ಏನ ಮಾಡತೀರಿ, ಏಳ್ರಿ. ನಾಳೆ ಹೋಗೋಣು. ಕಸಿ ಮಾಡಸ್ತೀನಿ."

ಮರುದಿನ ನಾಲ್ವರೂ ಆಸ್ಪತ್ರೆಗೆ ಹೋದೆವು. ವೈದ್ಯರಿಗೂ ನಾನೇ ಹೇಳಿದೆ. ಅವರ ಮುಖ ಕೆಂಪಾಯಿತು. ಕಸಿಗೆ ಮುಂಚೆ ಇನ್ನೊಮ್ಮೆ ಮಜ್ಜೆ ನೋಡಬೇಕೆಂದರು. ಅಕ್ಕ ಬೋರಲು ಮಲಗಿ ನನ್ನ ಕೈ ಹಿಡಿದುಕೊಂಡಳು. ಸೂಜಿ ಎಲುಬಿಗೆ ಇಳಿಯುವಾಗ ಅವಳ ಉಗುರು ನನ್ನ ಅಂಗೈಯಲ್ಲಿ ಊರಿತು. ನನಗೆ ಅದು ಬೇಕಾಗಿತ್ತು.

ಮೂರು ದಿನಕ್ಕೆ ಫಲಿತಾಂಶ ಬಂತು. ರೋಗ ತಿರುಗಿ ಬಂದಿತ್ತು.

ಆಮೇಲೆ ನಡೆದದ್ದನ್ನು ವಾರಗಳ ಪ್ರಕಾರ ಹೇಳಲು ನನಗೆ ಬಾರದು. ಮತ್ತೆ ಕಿಮೋ ಕೊಟ್ಟರು. ರೋಗ ಇನ್ನೊಮ್ಮೆ ಅಡಗಿದರೆ ತಕ್ಷಣ ಕಸಿ ಎಂದರು. ನಾನು ರಜೆ ಹಾಕಿ ಅಲ್ಲಿಯೇ ಉಳಿದೆ. ನನಗೆ ನೆಗಡಿಯಾದರೆ ಮಜ್ಜೆ ಕೊಡಲು ತಡವಾದೀತೆಂದು ಮೂಗು ಬಾಯಿ ಮುಚ್ಚಿಕೊಂಡು ತಿರುಗಿದೆ. ಹೊರಗಿನದೇನೂ ತಿನ್ನಲಿಲ್ಲ. ದಿನಾ ಎರಡು ಮೊಟ್ಟೆ, ಖರ್ಜೂರ, ನುಗ್ಗೆಸೊಪ್ಪು ತಿಂದೆ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವಳು ನಾನು. ಮೂಗು ಹಿಡಿದು ನುಂಗಿದೆ. ಭಾವ ನನ್ನ ಜೊತೆ ಮಾತು ಬಿಟ್ಟಿದ್ದರು, ಆದರೆ ಮೊಟ್ಟೆ ತಂದು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು.

ಎರಡನೆಯ ಕಿಮೋಗೆ ರೋಗ ಬಗ್ಗಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಹೊರರೋಗಿಗಳ ಸಾಲು ದಾಟಿ ವೈದ್ಯರ ಹಿಂದೆಯೇ ನಡೆದೆ. "ಈಗಲೇ ಮಾಡಿ. ರೋಗವಿದ್ದರೂ ಇರಲಿ. ನನ್ನಿಂದ ಎರಡು ಪಾಲು ತೆಗೆದುಕೊಳ್ಳಿ, ಮೂರು ಪಾಲು ತೆಗೆದುಕೊಳ್ಳಿ. ಎಲ್ಲಿ ಬೇಕಾದರೂ ಸಹಿ ಮಾಡುತ್ತೇನೆ" ಎಂದೆ. ಜನ ನೋಡುತ್ತಿದ್ದರು. ಅವರ ಕೋಟಿನ ತುದಿ ನನ್ನ ಮುಷ್ಟಿಯಲ್ಲಿತ್ತು. ಅವರು ಅದನ್ನು ಬಿಡಿಸಿಕೊಳ್ಳಲಿಲ್ಲ.

"ಮೋಳೇ," ಎಂದರು, ಮಗಳೇ ಎನ್ನುವಂತೆ. "ಈಗ ಕಸಿ ಮಾಡಿದರೆ ಅವರು ಆ ಕೋಣೆಯಿಂದ ಹೊರಗೆ ಬರುವುದಿಲ್ಲ. ಅದನ್ನು ನಾನು ಮಾಡಲಾರೆ."

"ಸೆಪ್ಟೆಂಬರಿನಲ್ಲೇ ಮಾಡಿದ್ದರೆ?"

"ಉಳಿಯುತ್ತಿದ್ದರೇನೋ. ಕಸಿ ಮಾಡಿದ ಮೇಲೂ ಇಂಥದ್ದು ತಿರುಗಿ ಬಂದದ್ದನ್ನು ನೋಡಿದ್ದೇನೆ. ನನ್ನನ್ನು ಕೇಳಬೇಡ."

ಅಕ್ಕ ಮಾರ್ಚ್ ಮೊದಲ ವಾರದಲ್ಲಿ ಹೋದಳು. ಮೊದಲು ಜ್ವರ, ಆಮೇಲೆ ಎದೆಯಲ್ಲಿ ಸೋಂಕು, ಉಸಿರಿಗೆ ಯಂತ್ರ. ಮಗಳು ಬೆಳಿಗ್ಗೆ ಪರೀಕ್ಷೆ ಬರೆದು ಸಮವಸ್ತ್ರದಲ್ಲೇ ನೇರ ಆಸ್ಪತ್ರೆಗೆ ಬಂದಾಗ ಐಸಿಯುವಿನ ಹೊರಗೆ ಸ್ಕೂಟರ್ ಕಲಿತ ಹೆಂಗಸರು ಹೆಲ್ಮೆಟ್ ಕೈಯಲ್ಲಿ ಹಿಡಿದು ಗೋಡೆಯುದ್ದಕ್ಕೂ ನಿಂತಿದ್ದರು. ಯಂತ್ರ ಹಾಕುವ ಮೊದಲು ಅಕ್ಕ ನನ್ನ ಜೊತೆ ಆಡಿದ ಕೊನೆಯ ಮಾತು ದೊಡ್ಡದೇನಲ್ಲ. ಅವಳ ಗಾಡಿಗೆ ಇನ್ಶೂರೆನ್ಸ್ ಮುಗಿಯುತ್ತದೆ, ಕಟ್ಟು ಎಂದಳು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಕೇಳುವ ಧೈರ್ಯ ಬರುವಷ್ಟರಲ್ಲಿ ಅವಳ ಬಾಯಲ್ಲಿ ನಳಿಕೆ ಇತ್ತು.

ಎಲ್ಲ ಮುಗಿದ ಎರಡು ವಾರಕ್ಕೆ ಭಾವ ಮೊದಲ ಸಲ ಮಾತಾಡಿದರು. "ನಿನ್ನ ಕಂಪ್ಯೂಟರ್ ಹೇಳಿದ್ದು ಖರೇ ಆತಲ್ಲ," ಎಂದರು. ಕುಹಕವಲ್ಲ, ಅವರು ನಿಜವಾಗಿಯೂ ಹಾಗೆ ತಿಳಿದಿದ್ದರು. ನಾನು ಗಾಬರಿಯಾಗಿ ಮತ್ತೆ ಶುರು ಮಾಡಿದೆ: ಅದು ತಪ್ಪು, ಕಾರಣವೇ ತಪ್ಪು, ಐಸು, ರಸ್ತೆ. ಅವರು ಕೈ ಅಡ್ಡ ಹಿಡಿದರು. "ಅಕಿ ಹೋದಳಲ್ಲ. ಕಾರಣ ಯಾವುದಾದ್ರ ಏನು?"

ಸಂಸ್ಥೆಯಲ್ಲಿ ನನ್ನ ಮೇಲೆ ವಿಚಾರಣೆ ನಡೆಯಿತು. ರೋಗಿಗಳ ದತ್ತಾಂಶ ಮುಟ್ಟುವ ಕೆಲಸದಿಂದ ನನ್ನನ್ನು ತೆಗೆದರು, ನೌಕರಿ ಉಳಿಸಿದರು. ಕೆಲಸ ಒಪ್ಪಿಸಿ ಹೊರಬರುವ ದಿನ ಬೇರೊಬ್ಬಳು ನನ್ನ ಕುರ್ಚಿಯಲ್ಲಿ ಕೂತು ರೋಗಿಗಳ ಪಟ್ಟಿಯನ್ನು ಸರಿಪಡಿಸುತ್ತಿದ್ದಳು. ತೀರಿಹೋದವರ ಮುಂದೆ ಒಂದು, ಬದುಕಿರುವವರ ಮುಂದೆ ಸೊನ್ನೆ. ಅಕ್ಕನ ಸಂಖ್ಯೆಯ ಮುಂದೆ ಒಂದು ಒತ್ತಿದಳು. ಹಳೆಯ ಮಾದರಿ ಎಷ್ಟು ಸರಿಯಾಗಿ ಹೇಳಿತ್ತೆಂದು ಲೆಕ್ಕ ಮಾಡಿದರೆ, ಸರಿಯಾಗಿ ಹೇಳಿದ ಸಾಲಿನಲ್ಲಿ ಅಕ್ಕ ಇರುತ್ತಾಳೆ. ನಾನು ಮುಖ್ಯಸ್ಥೆಯ ಬಳಿ ಹೋಗಿ ಅವಳನ್ನು ಆ ಸಾಲಿನಿಂದ ತೆಗೆಯಿರಿ ಎಂದು ಬೇಡಿಕೊಂಡೆ. ಇಷ್ಟ ಬಂದವರನ್ನು ತೆಗೆಯುವುದು ಇನ್ನೊಂದು ತಪ್ಪಾಗುತ್ತದೆ ಎಂದರು ಅವರು. ಸರಿಯಾದ ಮಾತು. ನಾನಾದರೂ ಅದನ್ನೇ ಹೇಳುತ್ತಿದ್ದೆ. ಆದರೂ ಅವತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಕ್ಕನ ಮಗಳು ಈಗ ತಿರುವನಂತಪುರದಲ್ಲೇ ಡಿಗ್ರಿಗೆ ಸೇರಿದ್ದಾಳೆ. ಹಾಸ್ಟೆಲಿನಲ್ಲಿ ಇರುತ್ತಾಳೆ, ಭಾನುವಾರ ಕಳಕ್ಕೂಟಂಗೆ ಬರುತ್ತಾಳೆ. ಭಾವ ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡು ಹೋದರು. ಹುಡುಗಿ ಬಂದರೆ ಊಟ ಮಾಡುತ್ತಾಳೆ, ಬಟ್ಟೆ ಒಗೆದುಕೊಳ್ಳುತ್ತಾಳೆ, ಹೆಚ್ಚು ಮಾತಾಡುವುದಿಲ್ಲ. ಕಳೆದ ತಿಂಗಳು ಊಟದ ನಡುವೆ ತಟ್ಟೆಯಿಂದ ತಲೆ ಎತ್ತಿ ಕೇಳಿದಳು.

"ಮೌಶಿ, ಅಮ್ಮಯುಡೆ ಸೆಲ್ಸ್ ಇಪ್ಪೋಳುಂ ಅವಿಡೆ ಉಂಡೋ?"

ಅಮ್ಮನ ಕೋಶಗಳು ಈಗಲೂ ಅಲ್ಲಿವೆಯಾ ಎಂದು. ಇವೆ. ಓದಿ ಉಳಿದದ್ದನ್ನು ಸಣ್ಣ ಟ್ಯೂಬುಗಳಲ್ಲಿ ಘನೀಕರಿಸಿ ಇಡುತ್ತೇವೆ. ಹೌದು ಎಂದೆ. ಬೇಡವಾದರೆ ಮನೆಯವರು ಬರೆದುಕೊಟ್ಟು ನಾಶ ಮಾಡಿಸಬಹುದು ಎಂದೂ ಹೇಳಿದೆ.

"ಬ್ಯಾಡ," ಎಂದಳು, ಕನ್ನಡದಲ್ಲಿ. "ಇರಲಿ. ನಾ ನೋಡಬಹುದಾ?"

ನೋಡುವಂತಿಲ್ಲ. ಆ ಕೋಣೆಗೆ ಈಗ ನನ್ನ ಕಾರ್ಡೂ ತೆರೆಯುವುದಿಲ್ಲ. ಹಾಗೆಂದು ಹೇಳಿದೆ. ಹೊರಗೆ ನಿಂತರೂ ಸಾಕು ಎಂದಳು. ಊಟ ಮುಗಿಸಿ ಬಸ್ ಹಿಡಿದು ಇಬ್ಬರೂ ಹೋದೆವು. ಭಾನುವಾರವಾದ್ದರಿಂದ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಗಾಜಿನ ಕಿಂಡಿಯೂ ಇಲ್ಲ. ಒಳಗೆ ಫ್ರೀಜರುಗಳು ಗುಂಯ್ ಎನ್ನುವುದು ಮಾತ್ರ ಕೇಳುತ್ತದೆ. ಹುಡುಗಿ ಬಾಗಿಲ ಹತ್ತಿರ ಹೋಗಿ ಅಂಗೈ ಇಟ್ಟು ನಿಂತಳು. ಎಷ್ಟು ಕೋಶ ಇರಬಹುದು ಎಂದು ಕೇಳಿದಳು. ಲಕ್ಷಗಟ್ಟಲೆ ಎಂದೆ. ಅವು ಸತ್ತಿವೆಯಾ ಎಂದಳು. ಇಲ್ಲ, ಬೆಚ್ಚಗೆ ಮಾಡಿದರೆ ಕೆಲವು ಏಳುತ್ತವೆ ಎಂದೆ. ಹೇಳಿದ ಮೇಲೆ, ಇದನ್ನು ಹೇಳಬಾರದಿತ್ತೇನೋ ಅನ್ನಿಸಿತು.

ಕಾವಲುಗಾರ ಬಂದು ಇಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದ. ನಾನು ಗುರುತಿನ ಚೀಟಿ ತೋರಿಸಿದೆ. ಹುಡುಗಿ ಕೈ ತೆಗೆಯಲಿಲ್ಲ. ಅವನು ಅವಳ ಕಡೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ, ಕಾರಿಡಾರಿನ ತುದಿಗೆ ಹೋಗಿ ಕುರ್ಚಿಯಲ್ಲಿ ಕೂತ.